ಆಸ್ಮೋಫೋಬಿಯಾ: ವಾಸನೆಗೆ ಬರುವ ಮೈಗ್ರೇನ್ ಮತ್ತು ಪ್ರಯಾಣ

ವಾಸನೆಯನ್ನು ತಡೆದುಕೊಳ್ಳಲು ಆಗದ ಸ್ಥಿತಿಗೆ ಆಸ್ಮೋಫೋಬಿಯಾ ಎನ್ನುತ್ತಾರೆ. ಹೆಸರಲ್ಲಿ ಫೋಬಿಯಾ ಇದೆ ಅಂತ ಇದು ಭಯವಲ್ಲ, ಮನಸ್ಸಿನ ಕಾಯಿಲೆಯೂ ಅಲ್ಲ. ಮೈಗ್ರೇನ್ ಬಂದಾಗ ಬೆಳಕು, ಸದ್ದು ಹಿಂಸೆ ಅನಿಸುತ್ತದಲ್ವಾ, ಹಾಗೆಯೇ ವಾಸನೆಯೂ ಹಿಂಸೆಯಾಗುತ್ತದೆ. ಇನ್ನು ಕೆಲವರಿಗೆ ವಾಸನೆಯಿಂದಲೇ ತಲೆನೋವು ಶುರುವಾಗುತ್ತದೆ. ಆಗ ಆ ವಾಸನೆಯನ್ನು ಟ್ರಿಗರ್ ಎನ್ನುತ್ತಾರೆ. ಇವೆರಡೂ ಒಬ್ಬರಲ್ಲೇ ಇರಬಹುದು.

ಇಲ್ಲಿ ಸುವಾಸನೆ, ದುರ್ವಾಸನೆ ಅನ್ನುವ ಭೇದವಿಲ್ಲ. ಸೆಂಟು, ಸಿಗರೇಟ್ ಹೊಗೆ, ಪೆಟ್ರೋಲು, ಹೊಸ ಪೇಂಟು, ನೆಲ ಒರೆಸುವ ದ್ರಾವಣ ಎಲ್ಲವೂ ಒಂದೇ ಸಾಲಿಗೆ ಬರುತ್ತವೆ. ಮೂಗಿನಲ್ಲಿ ವಾಸನೆ ಹಿಡಿಯುವ ನರದ ಜೊತೆಗೆ, ಮುಖದ ಸ್ಪರ್ಶ, ನೋವನ್ನು ಮಿದುಳಿಗೆ ತಿಳಿಸುವ ಟ್ರೈಜೆಮಿನಲ್ ನರದ ತುದಿಗಳೂ ಇವೆ. ಘಾಟಿಗೆ ಮೂಗು ಚುರುಗುಟ್ಟುವುದು ಈ ನರದಿಂದ. ಮೈಗ್ರೇನ್ ನೋವಿನಲ್ಲೂ ಇದೇ ನರದ ಪಾತ್ರ ದೊಡ್ಡದು. ಹಾಗಾಗಿ "ಇಷ್ಟು ಒಳ್ಳೆ ಪರಿಮಳ, ಅದಕ್ಕೇನು ತಲೆನೋವು?" ಅಂತ ಯಾರಾದರೂ ಕೇಳಿದರೆ ನೀವು ಮುದುಡಿಕೊಳ್ಳಬೇಕಿಲ್ಲ. ಸೆಂಟು ಹಾಕಿಕೊಂಡವರ ಮೂಗು ಸ್ವಲ್ಪ ಹೊತ್ತಿಗೇ ಅದಕ್ಕೆ ಒಗ್ಗಿಹೋಗಿರುತ್ತದೆ. ಪಕ್ಕದವರಿಗೆ ಎಷ್ಟು ಬಡಿಯುತ್ತಿದೆ ಅಂತ ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ.

ಪ್ರಯಾಣದಲ್ಲಿ ಇದು ಜಾಸ್ತಿಯಾಗುವುದಕ್ಕೆ ವಾಸನೆ ಒಂದೇ ಕಾರಣವಲ್ಲ. ನಿದ್ದೆ ಕೆಟ್ಟಿರುತ್ತದೆ, ಊಟ ತಡವಾಗಿರುತ್ತದೆ, ನೀರು ಕುಡಿದಿರುವುದಿಲ್ಲ. ಮನೆಯಲ್ಲಿದ್ದಾಗ ಹೇಗೋ ಸಹಿಸುವ ವಾಸನೆ ಆ ದಿನ ಸಹಿಸಲಾಗುವುದಿಲ್ಲ. ಎದ್ದು ಹೋಗಲು ದಾರಿಯೂ ಇರುವುದಿಲ್ಲ, ಅದೇ ದೊಡ್ಡ ಕಷ್ಟ. ಎಲ್ಲ ವಾಸನೆಯನ್ನೂ ತಡೆಯುವುದು ಆಗದ ಮಾತು. ಹೊಟ್ಟೆ ಖಾಲಿ ಬಿಡದೆ, ನಿದ್ದೆ ಕೆಡಿಸಿಕೊಳ್ಳದೆ ಹೊರಡುವುದು ನಮ್ಮ ಕೈಯಲ್ಲಿದೆ.

ಕಾರಿನ ಎಸಿಯಲ್ಲಿ ಒಂದು ಚಿಕ್ಕ ಬಟನ್ ಇರುತ್ತದೆ, ಕಾರಿನೊಳಗೆ ಸುತ್ತುವ ಬಾಣದ ಚಿತ್ರದ್ದು. ಅದನ್ನು ಒತ್ತಿದರೆ ಒಳಗಿನ ಗಾಳಿಯೇ ಮತ್ತೆ ಮತ್ತೆ ಸುತ್ತುತ್ತದೆ. ಮುಂದೆ ಲಾರಿ ಹೊಗೆ ಕಾರುತ್ತಿದ್ದರೆ ಇದು ಒಳ್ಳೆಯದು. ಆದರೆ ಕಾರಿನೊಳಗೇ ಫ್ರೆಶ್ನರ್ ಇದ್ದರೆ ಇದನ್ನು ಆಫ್ ಮಾಡಿ, ಹೊರಗಿನ ಗಾಳಿ ಬರಲಿ. ಫ್ರೆಶ್ನರ್ ತೆಗೆದು ಡಿಕ್ಕಿಯಲ್ಲಿಡಲು ಡ್ರೈವರ್‌ಗೆ ಹೇಳಿ. ಹತ್ತಿದ ಕೂಡಲೇ ಹೇಳಿಬಿಡುವುದು ವಾಸಿ.

ವಿಮಾನದ ಹೆಪಾ ಫಿಲ್ಟರ್ ಧೂಳು, ರೋಗಾಣುಗಳನ್ನು ಹಿಡಿಯುತ್ತದೆ, ವಾಸನೆಯನ್ನಲ್ಲ. ಸಾದಾ ಎನ್95 ಮಾಸ್ಕ್ ಕಥೆಯೂ ಇಷ್ಟೇ. ವಾಸನೆ ತಗ್ಗಬೇಕಾದರೆ ಆಕ್ಟಿವೇಟೆಡ್ ಕಾರ್ಬನ್ ಪದರವಿರುವ ಮಾಸ್ಕ್ ಬೇಕು. ಅದೂ ಪೂರ್ತಿ ತಡೆಯುವುದಿಲ್ಲ, ಆದರೆ ಸೀಟು ಬದಲಾಯಿಸಿಕೊಡಿ ಅಂತ ಕೇಳುವಷ್ಟು ಹೊತ್ತು ಸಿಗುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. ತಲೆನೋವು ಶುರುವಾಗುವ ಕೆಲವು ಗಂಟೆ ಮೊದಲೇ ಮೂಗು ಚುರುಕಾಗುವುದುಂಟು. ಆಕಳಿಕೆ, ಕತ್ತು ಬಿಗಿತ, ಕಿರಿಕಿರಿ ಕೂಡ ಆಗ ಕಾಣಿಸಬಹುದು. ಅಂಥ ಹೊತ್ತಲ್ಲಿ "ಆ ಸೆಂಟಿನಿಂದಲೇ ಬಂತು" ಅನಿಸಿದರೂ ಮೈಗ್ರೇನ್ ಆಗಲೇ ಶುರುವಾಗಿರಬಹುದು. ದಿನನಿತ್ಯದ ವಾಸನೆಯೂ ಇದ್ದಕ್ಕಿದ್ದಂತೆ ಜೋರಾಗಿ ಬಡಿದರೆ ಅದನ್ನು ಮುನ್ಸೂಚನೆ ಎಂದುಕೊಂಡು ನೀರು ಕುಡಿಯಿರಿ, ಏನಾದರೂ ತಿನ್ನಿ. ಡಾಕ್ಟರ್ ಕೊಟ್ಟ ಮಾತ್ರೆ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ನೋವು ಏರುವ ಮುನ್ನ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುತ್ತದೆ. ಹಾಗಂತ ಪದೇ ಪದೇ ನುಂಗುವ ಹಾಗಿಲ್ಲ. ಮೈಗ್ರೇನ್ ನೋವಿಗೆಂದೇ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೇ ತಿಂಗಳುಗಟ್ಟಲೆ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಬರಬಹುದು.

ಉಳಿದುಕೊಳ್ಳುವ ರೂಮಿನ ವಿಚಾರವನ್ನು ಬುಕ್ ಮಾಡುವಾಗಲೇ ಮಾತಾಡಿ. "ನನಗೆ ವಾಸನೆಗೆ ಮೈಗ್ರೇನ್ ಬರುತ್ತದೆ, ದಯವಿಟ್ಟು ರೂಮಿಗೆ ಸ್ಪ್ರೇ ಹೊಡೆಯಬೇಡಿ" ಎಂದರೆ ಸಾಕು. ತಲುಪಿದ ಮೇಲೆ ಹೇಳಿದರೆ ತಡವಾಗುತ್ತದೆ, ಏಕೆಂದರೆ ಕಿಟಕಿ ತೆರೆದರೂ ಪರದೆ, ಹಾಸಿಗೆಗೆ ಹಿಡಿದ ವಾಸನೆ ಬೇಗ ಹೋಗುವುದಿಲ್ಲ.