ಹಳೆಯ ಔಟ್‌ಬೋರ್ಡ್ ಮೋಟಾರಿನ ಕಾರ್ಬೊರೇಟರ್: ಸ್ಕ್ರೂ ಯಾವ ಕಡೆಗೆ ತಿರುಗಿಸಬೇಕು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಅಂದರೆ ಶಾಂತಿಸಾಗರದಲ್ಲಿ, ನಮ್ಮ ಮಾವನವರದೊಂದು ಫೈಬರ್ ದೋಣಿಯಿದೆ. ಅದರ ಹಿಂಬದಿಗೆ ಕಟ್ಟಿರುವ ಎರಡು ಸಿಲಿಂಡರಿನ ಹಳೆಯ ಟೂ-ಸ್ಟ್ರೋಕ್ ಮೋಟಾರು ಸ್ಟಾರ್ಟ್ ಆಗುತ್ತಿತ್ತು, ಆದರೆ ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಕೊಡದ ನಿಧಾನ ಓಟದಲ್ಲಿ, ಆರದೆ ಉಳಿಯುತ್ತಿರಲಿಲ್ಲ. ಥ್ರಾಟಲ್ ಕೊಟ್ಟರೆ ಕೆಮ್ಮಿ ಆರಿಹೋಗುತ್ತಿತ್ತು. ದಾವಣಗೆರೆಯಲ್ಲಿ ಬೈಕ್ ರಿಪೇರಿ ಕಲಿತ ಧೈರ್ಯದಲ್ಲಿ ನಾನು ಅದಕ್ಕೆ ಕೈಹಾಕಿದೆ, ಎರಡು ವಾರ ಒದ್ದಾಡಿದೆ. ಕೈಯ ಪೆಟ್ರೋಲ್ ವಾಸನೆ ಹೋಗುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ಕಾರ್ಬೊರೇಟರ್ ಎಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ; ಅದರ ತಳದ ಬಟ್ಟಲು ಬೌಲ್, ಅಲ್ಲಿ ಪೆಟ್ರೋಲಿನ ಮಟ್ಟ ಕಾಯುವ ತೇಲುಬುಂಡೆ ಫ್ಲೋಟ್, ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು ಜೆಟ್.

ಕಾರ್ಬೊರೇಟರ್ ಬಿಚ್ಚುವ ಮೊದಲು

ಎರಡೂ ಪ್ಲಗ್‌ಗಳಲ್ಲಿ ಕಿಡಿ ಇದೆಯೇ, ಎರಡೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಹೆಚ್ಚುಕಡಿಮೆ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಅವು ಸರಿಯಿಲ್ಲದಿದ್ದರೆ ಕಾರ್ಬೊರೇಟರನ್ನು ಎಷ್ಟು ತೊಳೆದರೂ ವ್ಯರ್ಥ. ಪೆಟ್ರೋಲ್ ಹಳೆಯದಾಗಿದ್ದರೆ ಚೆಲ್ಲಿ ಹೊಸದು ಹಾಕಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದಾಗ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ಸ್ಕ್ರೂ ಸಡಿಲಿಸಿದೆಯೇ ಎಂದೂ ನೋಡಬೇಕು. ಅದು ಮುಚ್ಚಿದ್ದರೆ ಮೋಟಾರು ಕೆಲವು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಕಾರಣವೇ ತಿಳಿಯದಂತೆ ನಿಲ್ಲುತ್ತದೆ.

ದೋಷ ಎಲ್ಲಿದೆ ಎಂದು ಬೇಗ ತಿಳಿಯಲು ನನಗೆ ತುಂಬ ಹಿಡಿಸಿದ ಉಪಾಯವೊಂದಿದೆ. ಮೋಟಾರು ಸೊರಗುತ್ತಿರುವಾಗಲೇ ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಒತ್ತಬೇಕು. ಆಗ ಚೇತರಿಸಿಕೊಂಡರೆ ಕಾರ್ಬೊರೇಟರಿಗೆ ಪೆಟ್ರೋಲೇ ಸಾಲುತ್ತಿಲ್ಲ ಎಂದರ್ಥ. ಪೆಟ್ರೋಲ್ ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಹರಿದಿರಬಹುದು, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು. ಬಲ್ಬ್ ಒತ್ತಿದರೂ ಬದಲಾಗದೆ, ಗಾಳಿ ತಡೆಯುವ ಚೋಕನ್ನು ಸ್ವಲ್ಪ ಎಳೆದಾಗ ಮಾತ್ರ ಚೇತರಿಸಿಕೊಂಡರೆ, ಪೆಟ್ರೋಲ್ ಬೌಲಿನವರೆಗೆ ಬಂದು ಅಲ್ಲಿಂದ ಮುಂದೆ ಸಿಕ್ಕಿಕೊಂಡಿದೆ ಎಂದು ಊಹಿಸಬಹುದು. ನಮ್ಮದು ಎರಡನೆಯ ಬಗೆ.

ತೊಳೆಯುವುದು

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬೌಲ್ ತೆಗೆದಾಗ ತಳದಲ್ಲಿ ಕಂದು ಬಣ್ಣದ ಅಂಟು, ಒಣಗಿದ ಬೆಲ್ಲದ ಪಾಕದಂತೆ, ಕೂತಿತ್ತು. ಜೆಟ್‌ಗಳಿಗೆ ಉಕ್ಕಿನ ತಂತಿ ಹಾಕಬಾರದು. ತೂತು ಒಂದು ಕೂದಲೆಳೆಯಷ್ಟು ಹಿಗ್ಗಿದರೂ ಮಿಶ್ರಣ ಕೆಡುತ್ತದೆ. ಕರೆಂಟಿನ ವೈರಿನಿಂದ ಬಿಡಿಸಿದ ತಾಮ್ರದ ಒಂದು ಎಳೆ ಸಾಕು. ಕ್ಲೀನರ್ ಸ್ಪ್ರೇ ಕಣ್ಣಿಗೆ ಸಿಡಿಯುವುದರಿಂದ ಕನ್ನಡಕ ಹಾಕಿಕೊಳ್ಳಬೇಕು. ಹಳೆಯ ಕೆಲವು ಮೋಟಾರುಗಳಲ್ಲಿ ಫ್ಲೋಟ್ ನಿಜವಾದ ಬೆಂಡಿನದೇ ಆಗಿರುತ್ತದೆ; ಅದರ ಮೇಲಿನ ವಾರ್ನಿಷ್ ಕರಗಿದರೆ ಬೆಂಡು ಪೆಟ್ರೋಲ್ ಕುಡಿದು ಭಾರವಾಗಿ, ಬೌಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ಮುಚ್ಚದೆ, ಪೆಟ್ರೋಲ್ ಉಕ್ಕಿ ಸುರಿಯುತ್ತದೆ.

ನನ್ನನ್ನು ಕೆಡವಿದ ಸ್ಕ್ರೂ

ಆರ್‌ಎಕ್ಸ್ 100ರಂಥ ಬೈಕಿನ ಕಾರ್ಬೊರೇಟರಿನಲ್ಲಿ ಐಡಲ್ ಹೊಂದಿಸುವುದು ಏರ್ ಸ್ಕ್ರೂ. ಅದು ಐಡಲ್ ದಾರಿಯೊಳಗೆ ಸೇರುವ ಗಾಳಿಯನ್ನು ಅಳೆಯುತ್ತದೆ. ಬಲಕ್ಕೆ ತಿರುಗಿಸಿ ಬಿಗಿದರೆ ಗಾಳಿ ಕಡಿಮೆಯಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಸಡಿಲಿಸಿದರೆ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸವಾದ್ದರಿಂದ ಇದನ್ನು ನನ್ನ ಕೈ ತಾನಾಗಿಯೇ ಮಾಡುತ್ತದೆ. ದೋಣಿಯ ಮೋಟಾರು ಕಾರ್ಬೊರೇಟರಿನ ಬಾಯಿಂದ ಹಿಂದಕ್ಕೆ ಸೀನುತ್ತಿತ್ತು. ಅದು ತೆಳು ಮಿಶ್ರಣದ ಗುರುತು. ಹಾಗಾಗಿ ಪೆಟ್ರೋಲ್ ಹೆಚ್ಚಿಸಲೆಂದು ಸ್ಕ್ರೂವನ್ನು ಕಾಲು ಸುತ್ತು ಬಿಗಿದೆ. ಇನ್ನೂ ಹೆಚ್ಚು ಸೀನಿತು. ಮತ್ತೆ ಕಾಲು ಸುತ್ತು ಬಿಗಿದೆ, ಆರಿಯೇ ಹೋಯಿತು. ಕಸ ಉಳಿದಿರಬೇಕೆಂದು ಮೂರು ಸಲ ಬಿಚ್ಚಿ ತೊಳೆದೆ. "ಗಾಡಿ ಅಂತ ತಿಳ್ಕಂಡೀಯೇನಪ್ಪಾ ಇದನ್ನ?" ಎಂದು ಮಾವನವರು ನಕ್ಕರು. ಅವರು ತಮಾಷೆಗೆ ಅಂದದ್ದೇ ನಿಜವಾದ ಕಾರಣವಾಗಿತ್ತು.

ಈ ಮೋಟಾರಿನ ಸ್ಕ್ರೂ ಗಾಳಿಯನ್ನಲ್ಲ, ಪೆಟ್ರೋಲನ್ನು ಅಳೆಯುತ್ತದೆ. ಬಿಗಿದಷ್ಟೂ ಪೆಟ್ರೋಲ್ ಕಡಿಮೆ, ಸಡಿಲಿಸಿದಷ್ಟೂ ಹೆಚ್ಚು. ಥ್ರಾಟಲ್ ತಟ್ಟೆಗಿಂತ ಮುಂದೆ, ಗಾಳಿ ಒಳಬರುವ ಕಡೆಗಿದ್ದರೆ ಅದು ಏರ್ ಸ್ಕ್ರೂ, ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಸ್ಕ್ರೂ ಎಂಬ ಬೈಕ್ ಗ್ಯಾರೇಜಿನ ಸೂತ್ರವೂ ಇಲ್ಲಿ ನಡೆಯಲಿಲ್ಲ, ಏಕೆಂದರೆ ಇದರ ಸ್ಕ್ರೂ ಮುಂದುಗಡೆಯೇ ಇದ್ದರೂ ಅದರ ಮೊನೆ ಕೂರುವುದು ಪೆಟ್ರೋಲಿನ ದಾರಿಯಲ್ಲಿ. ಅನುಮಾನ ತೀರಿಸಿಕೊಳ್ಳಲು ನಾನು ಕೊನೆಗೆ ಮಾಡಿದ್ದು ಇಷ್ಟು: ಕಾರ್ಬೊರೇಟರನ್ನು ಕೈಯಲ್ಲಿ ಹಿಡಿದು, ಸ್ಕ್ರೂವನ್ನು ಮೆಲ್ಲಗೆ ತಳಮುಟ್ಟಿಸಿ, ಬೌಲಿನ ಕಡೆಯಿಂದ ಐಡಲ್ ದಾರಿಗೆ ಕ್ಲೀನರ್ ಸಿಂಪಡಿಸಿದೆ. ಥ್ರಾಟಲ್ ತಟ್ಟೆಯ ಬಳಿಯ ಸಣ್ಣ ತೂತುಗಳಿಂದ ಏನೂ ಹೊರಬರಲಿಲ್ಲ. ಒಂದು ಸುತ್ತು ಸಡಿಲಿಸಿ ಮತ್ತೆ ಸಿಂಪಡಿಸಿದಾಗ ಸೂಜಿಯಂಥ ಧಾರೆ ಹಾರಿತು. ಏರ್ ಸ್ಕ್ರೂ ಆಗಿದ್ದರೆ ಬಿಗಿದಾಗಲೂ ಧಾರೆ ಬರಬೇಕಿತ್ತು.

ಎಲ್ಲ ಔಟ್‌ಬೋರ್ಡ್‌ಗಳೂ ಹೀಗೆಯೇ ಎಂದು ಹೇಳುವಂತಿಲ್ಲ. ಏರ್ ಸ್ಕ್ರೂ ಇರುವವೂ ಇವೆ. ಬಿಚ್ಚದೆಯೇ ತಿಳಿಯಬೇಕಾದರೆ ಬಿಸಿಯಾದ ಮೋಟಾರಿನ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ತಿರುಗಿಸಿ, ಹತ್ತು-ಹದಿನೈದು ಸೆಕೆಂಡ್ ಕಾಯಬೇಕು. ಸೀನಿದರೆ ತಿರುಗಿಸಿದ್ದು ತೆಳುವಿನ ಕಡೆಗೆ. ಹೊಗೆ ಹೆಚ್ಚಿ, ಶಬ್ದ ಭಾರವಾಗಿ, ಏರುಪೇರಾಗಿ ಓಡಿದರೆ ದಪ್ಪದ ಕಡೆಗೆ, ಅಂದರೆ ಪೆಟ್ರೋಲ್ ಹೆಚ್ಚಾಗುವ ಕಡೆಗೆ. ಕಾಯದೆ ತಿರುಗಿಸುತ್ತ ಹೋದರೆ ಏನೂ ತಿಳಿಯುವುದಿಲ್ಲ, ಇದು ನನ್ನ ಎರಡನೆಯ ತಪ್ಪು. ಮೂರನೆಯದು ಸ್ಕ್ರೂವನ್ನು ಒತ್ತಿ ಬಿಗಿದದ್ದು. ಹಾಗೆ ಮಾಡಿದರೆ ಮೊನೆಯ ಸುತ್ತ ಗೀರು ಬಿದ್ದು ಆಮೇಲೆ ಹೊಂದಿಕೆಯೇ ನಿಲ್ಲುವುದಿಲ್ಲ.

ಕೆರೆಯಲ್ಲಿ ಹೊಂದಿಸುವುದು

ನೀರಿಲ್ಲದೆ ಮೋಟಾರು ಓಡಿಸಬಾರದು. ನೀರಿನ ಪಂಪಿನ ರಬ್ಬರ್ ಚಕ್ರ ಕ್ಷಣಗಳಲ್ಲೇ ಸುಟ್ಟುಹೋಗುತ್ತದೆ. ಮನೆಯಲ್ಲಿ ಡ್ರಮ್ಮಿನ ನೀರಿನಲ್ಲಿ ಸ್ಟಾರ್ಟ್ ಮಾಡಿ ನೋಡಬಹುದು, ಆದರೆ ಕೊನೆಯ ಹೊಂದಿಕೆಗೆ ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿ, ಗೇರಿನಲ್ಲಿಟ್ಟೇ ಮಾಡಬೇಕು, ಏಕೆಂದರೆ ಗೇರಿಗೆ ಬಿದ್ದಾಗ ಭಾರ ಬಿದ್ದು ಐಡಲ್ ಇಳಿಯುತ್ತದೆ. ಸ್ಕ್ರೂ ತಳಮುಟ್ಟಿಸಿ ಒಂದೂಕಾಲು ಸುತ್ತು ಸಡಿಲಿಸಿ ಆರಂಭಿಸಿದೆವು. ಸೀನು ಶುರುವಾಗುವವರೆಗೆ ಬಿಗಿದು, ಅಲ್ಲಿಂದ ಕಾಲು ಸುತ್ತಿನಷ್ಟು ಹಿಂದಕ್ಕೆ ಬಂದೆವು. ಥ್ರಾಟಲ್ ಥಟ್ಟನೆ ಕೊಟ್ಟಾಗ ಒಂದು ಕ್ಷಣ ತಡವರಿಸಿತು. ಇನ್ನೂ ಎಂಟನೇ ಒಂದು ಸುತ್ತು ಸಡಿಲಿಸಿದ ಮೇಲೆ ನೇರವಾಗಿ ಎದ್ದಿತು.

ಸ್ವಲ್ಪ ದಪ್ಪದ ಕಡೆಗೇ ಬಿಡುವುದು ಸೋಮಾರಿತನವಲ್ಲ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲಿನೊಡನೆಯೇ ಬರುತ್ತದೆ. ಪೆಟ್ರೋಲಿಗೆ ಆಯಿಲ್ 50:1 ಎಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್. ಮಿಶ್ರಣ ತೆಳುವಾದರೆ ಶಾಖ ಏರುವುದರ ಜೊತೆಗೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಉಜ್ಜಿಹೋಗುತ್ತದೆ. ಕೆರೆಯಲ್ಲಿ ಒಂದು ಸುತ್ತು ಹೊಡೆದು ಬಂದು ಪ್ಲಗ್ ಬಿಚ್ಚಿ ನೋಡಿದೆವು: ಎರಡೂ ಕಾಫಿಪುಡಿಯ ಬಣ್ಣಕ್ಕಿದ್ದವು. ದಡಕ್ಕೆ ಬಂದ ಮೇಲೆ ಪೆಟ್ರೋಲ್ ಪೈಪ್ ಕಳಚಿ, ಬೌಲ್ ಖಾಲಿಯಾಗಿ ಮೋಟಾರು ತಾನಾಗಿ ನಿಲ್ಲುವವರೆಗೆ ನೀರಿನಲ್ಲೇ ಓಡಿಸಿದೆವು.