ಝೂಮ್ ಯಾಕೆ ಮುಗ್ಗರಿಸುತ್ತದೆ? ಎರಡು ಕೀಫ್ರೇಮ್‌ಗಳ ನಡುವಿನ ಲೆಕ್ಕ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಅದರ ಒಂದು ಫೋಟೊ ಕೈಯಲ್ಲಿದೆ ಎಂದುಕೊಳ್ಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ್ದು, ಅಂದರೆ 6000 × 4000 ಪಿಕ್ಸೆಲ್. ವಿಡಿಯೊದಲ್ಲಿ ಅದನ್ನು ಹತ್ತು ಸೆಕೆಂಡ್ ಹಾಗೇ ನಿಲ್ಲಿಸಿದರೆ ನೋಡುವವರಿಗೆ ಬೇಸರ. ಸಾಲಿನ ಉದ್ದಕ್ಕೂ ನೋಟ ಸರಿಯಬೇಕು, ಆಮೇಲೆ ಒಂದು ಆನೆಯ ಹತ್ತಿರ ಹೋಗಿ ನಿಲ್ಲಬೇಕು. ಮೊದಲನೆಯದು ಪ್ಯಾನ್, ಎರಡನೆಯದು ಝೂಮ್. ಎರಡನ್ನೂ ಮಾಡಿಸುವುದು ಕೀಫ್ರೇಮ್.

‘ಇಂಥ ಫ್ರೇಮಿನಲ್ಲಿ ಚಿತ್ರದ ಅಳತೆ ಇಷ್ಟಿರಲಿ, ಜಾಗ ಇದಿರಲಿ’ ಎಂದು ಬರೆದಿಟ್ಟ ಅಂಕಿಯೇ ಕೀಫ್ರೇಮ್. ಫ್ರೇಮ್ ಎಂದರೆ ವಿಡಿಯೊದ ಒಂದು ಬಿಡಿ ಚಿತ್ರ. ಎರಡು ಕಡೆ ಅಂಕಿ ಕೊಟ್ಟರೆ ನಡುವಿನದನ್ನು ಸಾಫ್ಟ್‌ವೇರ್ ತುಂಬಿಕೊಳ್ಳುತ್ತದೆ. ಆ್ಯನಿಮೇಷನ್ನನ್ನು ಕೈಯಲ್ಲೇ ಬಿಡಿಸುತ್ತಿದ್ದ ಕಾಲದಲ್ಲಿ ಮುಖ್ಯ ಚಿತ್ರಕಾರರು ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಬರೆದುಕೊಡುತ್ತಿದ್ದರು. ನಡುವಿನ ಚಿತ್ರಗಳು ಸಹಾಯಕರ ಪಾಲು. ಆ ಸಹಾಯಕರ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ ಮೊದಲಿಗರಲ್ಲಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಮುಖ್ಯರು. 1970ರ ದಶಕದ ಆ ಕೆಲಸಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಸಹಾಯಕರಿಗೆ ಕಣ್ಣಿತ್ತು, ಕಂಪ್ಯೂಟರಿಗೆ ಇರುವುದು ಲೆಕ್ಕ ಮಾತ್ರ. ತೊಂದರೆಗಳೆಲ್ಲ ಅಲ್ಲಿಂದಲೇ ಶುರು.

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಇದನ್ನು ಮಾಡಿನೋಡಬಹುದು. ಟೈಮ್‌ಲೈನ್ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) 1920 × 1080, ಸೆಕೆಂಡಿಗೆ 25 ಫ್ರೇಮ್ ಇರಲಿ. ಫೋಟೊವನ್ನು ಟೈಮ್‌ಲೈನಿಗೆ ಎಳೆದು ಹಾಕಿದಾಗ ಪೂರ್ತಿ ಕಾಣುವಂತೆ ಅದು ಕುಗ್ಗಿ ಕೂರುತ್ತದೆ: 1620 × 1080, ಎರಡೂ ಬದಿಗೆ ಕಪ್ಪು ಪಟ್ಟಿ. ಇನ್‌ಸ್ಪೆಕ್ಟರ್ ಎಂಬ ಸೆಟ್ಟಿಂಗ್ ಫಲಕದ ಟ್ರಾನ್ಸ್‌ಫಾರ್ಮ್ ವಿಭಾಗದಲ್ಲಿ ಝೂಮ್ 1.00 ಎಂದಿರುತ್ತದೆ. ಅದನ್ನು 1.19ಕ್ಕೆ ಏರಿಸಿದರೆ ಪಟ್ಟಿ ಮಾಯ. ಇನ್ನೊಂದು ತುದಿಯ ಮಿತಿ 3.70. ಅಲ್ಲಿ ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್. ಅದನ್ನು ದಾಟಿದರೆ ಇಲ್ಲದ ವಿವರವನ್ನು ಸಾಫ್ಟ್‌ವೇರ್ ಊಹಿಸಬೇಕು, ಚಿತ್ರ ಮಂಕಾಗುತ್ತದೆ. ಸುಮಾರು ಮೂರು ಪಟ್ಟು ಹತ್ತಿರ ಹೋಗಲು ಜಾಗವಿದೆ, ಅಷ್ಟೇ. 1080 ಟೈಮ್‌ಲೈನಿಗೆ 1080ರಲ್ಲೇ ಚಿತ್ರೀಕರಿಸಿದ ವಿಡಿಯೊ ಹಾಕಿದರೆ ಈ ಜಾಗ ಒಂದಿಷ್ಟೂ ಇರುವುದಿಲ್ಲ. 4ಕೆ ವಿಡಿಯೊ ಹಾಕಿದರೆ ಎರಡು ಪಟ್ಟು ಸಿಗುತ್ತದೆ.

ಪ್ರೀಮಿಯರ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಇಲ್ಲೊಂದು ಬಲೆಗೆ ಬೀಳುತ್ತಾರೆ. ‘ಸ್ಕೇಲ್ ಟು ಫ್ರೇಮ್ ಸೈಜ್’ ಆರಿಸಿದರೆ ಫೋಟೊ ಮೊದಲೇ ಟೈಮ್‌ಲೈನ್ ಅಳತೆಗೆ ಇಳಿದುಬಿಡುತ್ತದೆ, ಆಮೇಲೆ ಝೂಮ್ ಮಾಡಿದರೆ ಸಿಗುವುದು ಮಂಕು ಚಿತ್ರವೇ. ಆರಿಸಬೇಕಾದ್ದು ‘ಸೆಟ್ ಟು ಫ್ರೇಮ್ ಸೈಜ್’.

ಈಗ ಪ್ಯಾನ್. ಝೂಮ್ 2.00 ಇಟ್ಟರೆ ಚಿತ್ರದ ಅಗಲ 3240 ಪಿಕ್ಸೆಲ್, ಪರದೆಯದು 1920. ಮಿಕ್ಕ 1320ರಲ್ಲಿ ಅರ್ಧರ್ಧ ಎಡಬಲಕ್ಕೆ ಹೋಗುತ್ತದೆ. ಹಾಗಾಗಿ ಪೊಸಿಷನ್ ಎಕ್ಸ್ (ಎಡಬಲಕ್ಕೆ ಚಿತ್ರದ ಜಾಗ) +660ರಿಂದ −660ರವರೆಗೆ ಓಡಾಡಬಹುದು, ಆಚೆ ಹೋದರೆ ಕಪ್ಪು ಅಂಚು ಇಣುಕುತ್ತದೆ. ಸಾಲಿನ ಎಡ ತುದಿಯಿಂದ ಹೊರಡಬೇಕೆಂದರೆ ಆರಂಭದ ಅಂಕಿ +660, ಏಕೆಂದರೆ ಸರಿಯುತ್ತಿರುವುದು ಕ್ಯಾಮೆರಾ ಅಲ್ಲ, ಚಿತ್ರ. ಪ್ಲೇಹೆಡ್ (ಈಗ ಯಾವ ಫ್ರೇಮಿನಲ್ಲಿದ್ದೇವೆ ಎಂದು ತೋರಿಸುವ ಗೆರೆ) ಮೊದಲ ಫ್ರೇಮಿನಲ್ಲಿದ್ದಾಗ ಪೊಸಿಷನ್ ಪಕ್ಕದ ವಜ್ರಾಕಾರದ ಗುಂಡಿ ಒತ್ತಿ, +660 ಕೊಡಿ. ಪ್ಲೇಹೆಡ್ಡನ್ನು ಮುಂದಕ್ಕೆ ಒಯ್ದು −660 ಎಂದು ಬರೆದರೆ ಎರಡನೆಯ ಕೀಫ್ರೇಮ್ ತಾನಾಗಿ ಕೂರುತ್ತದೆ. ಪ್ರೀಮಿಯರ್‌ನಲ್ಲಿ ಪರದೆಯ ನಡುವನ್ನು 0, 0 ಎನ್ನದೆ 960, 540 ಎಂದು ಎಣಿಸುತ್ತಾರೆ, ಉಳಿದದ್ದೆಲ್ಲ ಇದೇ. ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಗುಂಡಿಯ ಜಾಗ ಬೇರೆ, ತತ್ವ ಒಂದೇ.

ಎಷ್ಟು ಮುಂದಕ್ಕೆ ಒಯ್ಯಬೇಕು ಎಂಬುದು ನಿಜವಾದ ಪ್ರಶ್ನೆ. ಒಂದು ವಸ್ತು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು 7 ಸೆಕೆಂಡ್ ಕೊಡಿ ಎಂಬುದು ಛಾಯಾಗ್ರಾಹಕರ ಹಳೆಯ ಲೆಕ್ಕ. 25 ಫ್ರೇಮಿನ ವಿಡಿಯೊದಲ್ಲಿ ಅದು ಫ್ರೇಮಿಗೆ ಸುಮಾರು 11 ಪಿಕ್ಸೆಲ್. ಇದಕ್ಕಿಂತ ಬಹಳ ವೇಗವಾದರೆ ಕಣ್ಣು ಚಲನೆಯನ್ನು ಜೋಡಿಸಿಕೊಳ್ಳಲಾರದು, ಆನೆಗಳು ಜಾರುವ ಬದಲು ಕುಪ್ಪಳಿಸುತ್ತವೆ. ನಿಜವಾದ ಕ್ಯಾಮೆರಾ ತಿರುಗಿದಾಗ ಪ್ರತಿ ಫ್ರೇಮೂ ಒಂದಿಷ್ಟು ಮಸುಕಾಗಿ ಈ ಕುಪ್ಪಳಿಕೆ ಮುಚ್ಚಿಹೋಗುತ್ತದೆ. ಫೋಟೊದ ಮೇಲಿನ ಪ್ಯಾನ್‌ಗೆ ಆ ಮಸುಕಿನ ರಕ್ಷಣೆ ಇಲ್ಲ, ಪ್ರತಿ ಫ್ರೇಮೂ ಚೂಪು. ನಮ್ಮ 1320 ಪಿಕ್ಸೆಲ್‌ಗೆ 5 ಸೆಕೆಂಡ್ ಸಾಕೆಂದು ಕಾಣುತ್ತದೆ. ಆದರೆ ಎರಡೂ ತುದಿಯಲ್ಲಿ ಈಸ್ ಹಾಕಿದರೆ, ಅಂದರೆ ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವಂತೆ ಮಾಡಿದರೆ, ನಡುವಿನ ವೇಗ ಸರಾಸರಿಯ ಒಂದೂವರೆ ಪಟ್ಟಿನಷ್ಟಾಗುತ್ತದೆ. ಆದ್ದರಿಂದ 7 ಸೆಕೆಂಡ್, 175 ಫ್ರೇಮ್. ಈಸ್ ಬೇಕೇ ಬೇಕು. ಅದಿಲ್ಲದ ಪ್ಯಾನ್ ಧಕ್ಕೆಂದು ಹೊರಟು ಧಕ್ಕೆಂದು ನಿಲ್ಲುತ್ತದೆ.

ಝೂಮ್‌ನ ಕಥೆ ಇನ್ನೂ ಸ್ವಾರಸ್ಯದ್ದು. 6 ಸೆಕೆಂಡ್‌ನಲ್ಲಿ 1.2ರಿಂದ 3.6ಕ್ಕೆ ಹೋಗಬೇಕು. ಸಾಫ್ಟ್‌ವೇರ್ ಸೆಕೆಂಡಿಗೆ 0.4ರಂತೆ ಸಮನಾಗಿ ಹಂಚುತ್ತದೆ. ಮೊದಲ ಸೆಕೆಂಡಿನಲ್ಲಿ 1.2 ಇದ್ದದ್ದು 1.6, ಅಂದರೆ ಶೇ 33 ಬೆಳವಣಿಗೆ. ಕೊನೆಯ ಸೆಕೆಂಡಿನಲ್ಲಿ 3.2 ಇದ್ದದ್ದು 3.6, ಬರೀ ಶೇ 12.5. ಕಣ್ಣು ಅಳೆಯುವುದು ವ್ಯತ್ಯಾಸವನ್ನಲ್ಲ, ಅನುಪಾತವನ್ನು. ಹಾಗಾಗಿ ಅಂಕಿಯಲ್ಲಿ ಸಮವೇಗದ ಝೂಮ್ ಕಣ್ಣಿಗೆ ಮುನ್ನುಗ್ಗಿ ಆಮೇಲೆ ಬಳಲಿದಂತೆ ಕಾಣುತ್ತದೆ. ಹಿಂದಕ್ಕೆ ಸರಿಯುವ ಝೂಮ್‌ನಲ್ಲಿ ಇದೇ ತಿರುಗುಮುರುಗು: ಆರಂಭ ಸೋಮಾರಿ, ಕೊನೆಗೆ ಕುಸಿತ. ಇದು ಸರಳ ಬಡ್ಡಿಯ ಲೆಕ್ಕ; ಕಣ್ಣಿಗೆ ಬೇಕಾದ್ದು ಚಕ್ರಬಡ್ಡಿ. ಸೆಕೆಂಡಿಗೆ ಶೇ 20ರಂತೆ ಏರಿಸಿದರೆ 1.2, 1.44, 1.73, 2.08, 2.5, 3.0, 3.6. ಆಗ ಆನೆ ಒಂದೇ ಹದದಲ್ಲಿ ಹತ್ತಿರ ಬರುತ್ತದೆ. ಆಫ್ಟರ್ ಎಫೆಕ್ಟ್ಸ್ ಎಂಬ ಆ್ಯನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಎಕ್ಸ್‌ಪೊನೆನ್ಷಿಯಲ್ ಸ್ಕೇಲ್ ಇದೆ. ಇಲ್ಲದ ಕಡೆ ಎರಡೂ ಅಂಕಿ ಗುಣಿಸಿ ವರ್ಗಮೂಲ ತೆಗೆದು (ಇಲ್ಲಿ 2.08) ಸರಿಯಾಗಿ ನಡುವಿನ ಫ್ರೇಮಿನಲ್ಲಿ ಮೂರನೆಯ ಕೀಫ್ರೇಮ್ ಇಡಿ, ಅಂಕಿಯ ಏರಿಳಿತವನ್ನು ಗೆರೆಯಾಗಿ ತೋರಿಸುವ ಕರ್ವ್ ಎಡಿಟರ್‌ನಲ್ಲಿ ಆ ಬಿಂದುವಿನ ಮೂಲೆಯನ್ನು ಬೆಜಿಯರ್ (ಬಾಗುಗೆರೆ) ಮಾಡಿ ನಯಗೊಳಿಸಿ. ಮೂಲೆ ಹಾಗೇ ಬಿಟ್ಟರೆ ಅಲ್ಲೊಂದು ಎಡವು ಕಾಣುತ್ತದೆ. ಮಾತಾಡುವವರ ಮುಖದ ಮೇಲೆ 1.0ರಿಂದ 1.1ರ ಸಣ್ಣ ಝೂಮ್‌ಗೆ ಈ ಕಸರತ್ತೆಲ್ಲ ಬೇಡ.

ಝೂಮೂ ಪ್ಯಾನೂ ಒಟ್ಟಿಗೆ ಬಂದಾಗ ಹೆಚ್ಚಿನವರು ಎಡವುವುದು ಗುಣಾಕಾರದಲ್ಲಿ. ಝೂಮ್ 1.2 ಇದ್ದಾಗ ಬೇಕಾದ ಆನೆ ನಡುವಿನಿಂದ 300 ಪಿಕ್ಸೆಲ್ ಬಲಕ್ಕಿದೆ. ಅದನ್ನು ನಡುವಿಗೆ ತರಲು −300 ಸಾಕೆನಿಸುತ್ತದೆ. ಆದರೆ ಝೂಮ್ ಮೂರು ಪಟ್ಟಾದಾಗ ಆ ದೂರವೂ ಮೂರು ಪಟ್ಟಾಗುತ್ತದೆ, ಬೇಕಾದ್ದು −900. ಮೊದಲು ಕೊನೆಯ ಫ್ರೇಮಿನಲ್ಲಿ ಝೂಮ್ ಇಟ್ಟು, ಅಲ್ಲೇ ಕಣ್ಣಳತೆಯಲ್ಲಿ ಆನೆಯನ್ನು ನಡುವಿಗೆ ಎಳೆದರೆ ಈ ಲೆಕ್ಕವೇ ಬೇಕಿಲ್ಲ. ಎರಡನ್ನೂ ಒಂದೇ ಫ್ರೇಮಿನಲ್ಲಿ ಶುರುಮಾಡಿ, ಒಂದೇ ಫ್ರೇಮಿನಲ್ಲಿ ಮುಗಿಸಿ, ಒಂದೇ ಬಗೆಯ ಈಸ್ ಕೊಟ್ಟರೆ ಆನೆ ನೇರವಾಗಿ ನಡುವಿಗೆ ನಡೆದುಬರುತ್ತದೆ. ಪೊಸಿಷನ್‌ಗೆ ಮಾತ್ರ ಈಸ್ ಕೊಟ್ಟು ಝೂಮನ್ನು ಸಮವೇಗದಲ್ಲೇ ಬಿಟ್ಟರೆ ಆನೆ ಮೊದಲು ಸುಮಾರು 35 ಪಿಕ್ಸೆಲ್ ಹೊರಕ್ಕೆ ಜಾರಿ, ಆಮೇಲೆ ಒಳಕ್ಕೆ ತಿರುಗುತ್ತದೆ. ನೋಡುವವರಿಗೆ ಏನೋ ಓಲಾಡಿದಂತಾಗುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಝೂಮ್‌ಗೆ ಚಕ್ರಬಡ್ಡಿಯ ಕರ್ವ್ ಕೊಟ್ಟಿದ್ದರೆ ಪೊಸಿಷನ್ನಿನ ಕರ್ವನ್ನೂ ಅದೇ ಆಕಾರಕ್ಕೆ ಬಗ್ಗಿಸಬೇಕು.

ಇನ್ನು ಬಿಡಿ ತಂಟೆಗಳು. ಕೀಫ್ರೇಮ್ ತಿದ್ದುವಾಗ ಪ್ಲೇಹೆಡ್ ಅದರ ಮೇಲೆ ಸರಿಯಾಗಿರದೆ ಒಂದು ಫ್ರೇಮ್ ಪಕ್ಕದಲ್ಲಿದ್ದರೆ, ತಿದ್ದುವ ಬದಲು ಹೊಸದೊಂದು ಹುಟ್ಟುತ್ತದೆ. ಪ್ಲೇ ಮಾಡಿದಾಗ ಕಾಣುವ ಚುಟುಕು ಜರ್ಕ್‌ಗೆ ಹೆಚ್ಚಾಗಿ ಇದೇ ಕಾರಣ. ಹಿಂದಿನ–ಮುಂದಿನ ಕೀಫ್ರೇಮಿಗೆ ನೆಗೆಯುವ ಬಾಣದ ಗುಂಡಿಗಳಿರುವುದು ಇದಕ್ಕೇ. ಕ್ಲಿಪ್‌ನ ತಲೆ ಕತ್ತರಿಸಿದರೆ ಮೊದಲ ಕೀಫ್ರೇಮೂ ಅದರ ಜೊತೆ ಹೊರಗೆ ಹೋಗಿ ಝೂಮ್ ಅರ್ಧದಿಂದ ಶುರುವಾಗುತ್ತದೆ, ಆದ್ದರಿಂದ ಉದ್ದ ಗೊತ್ತಾದ ಮೇಲಷ್ಟೇ ಕೀಫ್ರೇಮ್ ಹಾಕುವುದು ಲೇಸು. ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ಗಳಲ್ಲಿ ಒಂದೇ ಪೊಸಿಷನ್ನಿನ ಎರಡು ಕೀಫ್ರೇಮ್ ಇಟ್ಟರೂ ಚಿತ್ರ ನಿಲ್ಲದೆ ಸಣ್ಣಗೆ ಸುತ್ತುಹಾಕಬಹುದು. ಅಲ್ಲಿ ಸ್ಪೇಷಿಯಲ್ ಇಂಟರ್‌ಪೊಲೇಷನ್ನನ್ನು, ಅಂದರೆ ಚಿತ್ರ ಸಾಗುವ ದಾರಿಯನ್ನು, ಲೀನಿಯರ್ (ನೇರ) ಮಾಡಬೇಕು.

ತೀರಾ ನಿಧಾನದ ಚಲನೆಯೂ ಕೆಡುತ್ತದೆ. 8 ಸೆಕೆಂಡ್‌ನಲ್ಲಿ 20 ಪಿಕ್ಸೆಲ್ ಎಂದರೆ ಫ್ರೇಮಿಗೆ 0.1 ಪಿಕ್ಸೆಲ್. ಪೂರ್ಣ ಪಿಕ್ಸೆಲ್‌ಗೆ ದುಂಡಾಗಿಸುವ ಸಾಫ್ಟ್‌ವೇರ್‌ನಲ್ಲಿ ಚಿತ್ರ ಹತ್ತು ಫ್ರೇಮ್ ಅಲುಗದೆ ನಿಂತು ಹನ್ನೊಂದನೆಯದರಲ್ಲಿ ಹಾರುತ್ತದೆ. ದುಂಡಾಗಿಸದಿದ್ದರೂ ಹೊಯ್ಸಳ ಕೆತ್ತನೆಯಂಥ ನವುರು ಗೆರೆಗಳು ಪಿಕ್ಸೆಲ್ ಸಾಲುಗಳ ನಡುವೆ ಸಿಕ್ಕಿ ಮಿನುಗುತ್ತವೆ, ಚಿತ್ರ ಬಹಳ ಕುಗ್ಗಿರುವ ಝೂಮ್ 1.2ರ ಆಸುಪಾಸಿನಲ್ಲಿ ವಿಶೇಷವಾಗಿ. ಅಷ್ಟು ಹೊತ್ತಿಗೆ ಮಾತ್ರ ಅತಿ ಸಣ್ಣ ಪ್ರಮಾಣದ ಬ್ಲರ್ ಕೊಟ್ಟು, ಝೂಮ್ ಏರಿದಂತೆ ಅದನ್ನೂ ಕೀಫ್ರೇಮ್‌ನಿಂದ ಸೊನ್ನೆಗೆ ಇಳಿಸಬಹುದು. ಪ್ರಿವ್ಯೂ ಅರ್ಧ ರೆಸಲ್ಯೂಷನ್‌ನಲ್ಲಿದ್ದರೆ ಮಿನುಗು ನಿಜವಾಗಿ ಎಷ್ಟಿದೆ ಎಂದು ತಿಳಿಯದು. ಹತ್ತು ಸೆಕೆಂಡಿನ ತುಣುಕನ್ನು ಪೂರ್ಣ ಅಳತೆಯಲ್ಲಿ ಎಕ್ಸ್‌ಪೋರ್ಟ್ ಮಾಡಿ ದೊಡ್ಡ ಟಿವಿಯಲ್ಲಿ ಹಾಕಿ ನೋಡಬೇಕು.