ಎಡಸ್ತನದ ವಿಕಿರಣ ಚಿಕಿತ್ಸೆ ಮತ್ತು ಹೃದಯ: ಭಯ ಬಂದದ್ದೆಲ್ಲಿಂದ?

ಎಡಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮುಗಿಸಿ ಹಾಸನಕ್ಕೋ ಸಕಲೇಶಪುರಕ್ಕೋ ಮರಳಿದ ಮಹಿಳೆಯರ ಮನೆಗಳಲ್ಲಿ ಎರಡು ಮಾತುಗಳು ಒಟ್ಟಿಗೆ ಕೇಳಿಬರುತ್ತವೆ: ವಿಕಿರಣ ಚಿಕಿತ್ಸೆಯನ್ನು ಬಿಡಬಾರದು ಎಂಬುದೊಂದು, ಅದರಿಂದ ಹೃದಯ ಕೆಡುತ್ತದೆ ಎಂಬುದಿನ್ನೊಂದು. ಎರಡಕ್ಕೂ ಆಧಾರವಿದೆ, ಆದರೆ ಎರಡನೆಯದು ಬಹುಮಟ್ಟಿಗೆ ಹಳೆಯ ಚಿಕಿತ್ಸಾಕ್ರಮದಿಂದ ಬಂದ ಭಯ.

1895ರಲ್ಲಿ ಎಕ್ಸ್-ರೇ ಪತ್ತೆಯಾದಂದಿನಿಂದ ವಿಕಿರಣ ಕೊಡುತ್ತಿದ್ದ ಹಳೆಯ ಕೋಬಾಲ್ಟ್ ಯಂತ್ರಗಳ ಕಾಲದವರೆಗೂ ಎದೆಯೊಳಗೆ ಹೃದಯಕ್ಕೆ ಎಷ್ಟು ವಿಕಿರಣ ತಾಗುತ್ತಿದೆಯೆಂದು ನಿಖರವಾಗಿ ಅಳೆಯುವ ದಾರಿಯೇ ಇರಲಿಲ್ಲ. 1987ರಲ್ಲಿ ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹತ್ತು ವರ್ಷ ದಾಟಿ ಬದುಕಿದವರ ಪೈಕಿ ವಿಕಿರಣ ಪಡೆದವರಲ್ಲಿ ಸಾವು ಹೆಚ್ಚಿದ್ದುದು ಕಂಡುಬಂತು. ಹೃದ್ರೋಗವೇ ಅದಕ್ಕೆ ಮುಖ್ಯ ಕಾರಣವೆಂಬುದು ಮುಂದೆ ತಿಳಿಯಿತು. ಸಿ.ಟಿ. ಸ್ಕ್ಯಾನ್ ಆಧಾರಿತ ಚಿಕಿತ್ಸಾ ಯೋಜನೆ ಬಂದ ಮೇಲೆ ಕಿರಣಗಳನ್ನು ಎದೆಗೂಡಿಗೆ ಓರೆಯಾಗಿ ಸವರಿ ಹೋಗುವಂತೆ ಹಾಯಿಸುವುದು ಸುಲಭವಾಯಿತು. ಹಾಗಿದ್ದೂ ಹೃದಯದ ಮುಂಭಾಗದ ತೆಳುವಾದ ಪಟ್ಟಿಯೊಂದು ಕಿರಣದೊಳಗೆ ಉಳಿಯುತ್ತಿತ್ತು, ಮುಖ್ಯ ರಕ್ತನಾಳಗಳಲ್ಲೊಂದು ಹಾದುಹೋಗುವುದು ಅಲ್ಲಿಯೇ.

ಸ್ವೀಡನ್ ಮತ್ತು ಡೆನ್ಮಾರ್ಕ್‌ನ 2,168 ಮಹಿಳೆಯರ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಹೃದಯಕ್ಕೆ ತಾಗುವ ವಿಕಿರಣದ ಸರಾಸರಿ ಪ್ರಮಾಣ ಒಂದು ಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ಏರಿದಂತೆ ತೀವ್ರ ಹೃದಯಾಘಾತದಂಥ ಘಟನೆಗಳ ಪ್ರಮಾಣ ಶೇ. 7.4ರಷ್ಟು ಏರುತ್ತದೆಂದು ಲೆಕ್ಕ ಹಾಕಿತು. ಈ ಅಂಕಿಯನ್ನು ಬಿಡಿಯಾಗಿ ಓದಿ ಗಾಬರಿಯಾದವರೇ ಹೆಚ್ಚು. ಅದೇ ಅಧ್ಯಯನದ ಪ್ರಕಾರ, ಬೇರೆ ಅಪಾಯಗಳಿಲ್ಲದ ಐವತ್ತರ ಮಹಿಳೆಯ ಹೃದಯಕ್ಕೆ ಸರಾಸರಿ 3 ಗ್ರೇ ತಾಗಿದರೆ, ಎಂಬತ್ತರೊಳಗೆ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ. 1.9ರಿಂದ 2.4ಕ್ಕೆ ಏರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲೇ ಇದ್ದವರಲ್ಲಿ ಆರಂಭದ ಅಪಾಯವೇ ದೊಡ್ಡದಾದ್ದರಿಂದ ಏರಿಕೆಯೂ ದೊಡ್ಡದು. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್‌ನಂಥ ಔಷಧಿಗಳೂ ಹೃದಯಕ್ಕೆ ಭಾರವಾಗಬಲ್ಲವು.

ಹೃದಯಕ್ಕೆ ತಾಗುವ ವಿಕಿರಣವನ್ನು ತಗ್ಗಿಸುವ ಅತ್ಯಂತ ಸರಳ ಉಪಾಯ ಉಸಿರು. ದೀರ್ಘವಾಗಿ ಉಸಿರೆಳೆದುಕೊಂಡಾಗ ಶ್ವಾಸಕೋಶ ಹಿಗ್ಗಿ, ವಪೆ ಕೆಳಗಿಳಿದು, ಹೃದಯವು ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ. ಮಹಿಳೆ ಸುಮಾರು ಇಪ್ಪತ್ತು ಸೆಕೆಂಡು ಉಸಿರು ಬಿಗಿಹಿಡಿದಾಗ ಮಾತ್ರ ಕಿರಣ ಹಾಯಿಸಿ, ಬಿಟ್ಟೊಡನೆ ನಿಲ್ಲಿಸಲಾಗುತ್ತದೆ. ಇದಕ್ಕೆ ದುಬಾರಿ ಕ್ಯಾಮೆರಾ, ಬಾಯಿಗಿಡುವ ಉಪಕರಣಗಳೆಲ್ಲ ಇವೆ. ಆದರೆ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ತಂಡ ನಡೆಸಿದ ಹೋಲಿಕೆಯಲ್ಲಿ, ರೋಗಿ ತಾನೇ ಉಸಿರು ಹಿಡಿಯುವ ಅಗ್ಗದ ವಿಧಾನವೂ ಹೃದಯವನ್ನು ಅಷ್ಟೇ ಚೆನ್ನಾಗಿ ಕಾಪಾಡಿತು. ಹಾಗಾಗಿ ಇಲ್ಲಿ ಕೊರತೆಯಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಅಭ್ಯಾಸ ಮಾಡಿಸುವ ಸಮಯ. ಮೂಡಿಗೆರೆಯ ಕಾಫಿ ತೋಟದ ಲೈನ್ ಮನೆಯಿಂದ ಬಂದ ಕಾರ್ಮಿಕ ಮಹಿಳೆಗೆ ಸ್ಪೀಕರಿನಲ್ಲಿ ಇಂಗ್ಲಿಷ್ ಸೂಚನೆ ಕೇಳಿಸಿದರೆ ಪ್ರಯೋಜನವಿಲ್ಲ. ಅವಳ ಭಾಷೆಯಲ್ಲಿ ನಾಲ್ಕು ಬಾರಿ ಹೇಳಿಕೊಟ್ಟು ಮಾಡಿಸಬೇಕು. ಉಸಿರು ಹಿಡಿಯಲಾಗದವರಿಗೆ ಬೋರಲು ಮಲಗಿಸುವ ಕ್ರಮವೂ ಇದೆ. ಬಲಸ್ತನದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇದಾವುದರ ಅಗತ್ಯ ಬೀಳುವುದಿಲ್ಲ.

ವಿಕಿರಣ ಚಿಕಿತ್ಸೆಯ ಐದು ವಾರಗಳ 25 ಸರದಿಗಳು ಅನೇಕರಿಗೆ ಮೂರು ವಾರಗಳ 15ಕ್ಕೆ ಇಳಿದಿವೆ. ಆಯ್ದ ಕೆಲವರಿಗೆ ಒಂದು ವಾರದ 5 ಸರದಿಗಳೂ ಸಾಕೆಂದು 2020ರ ಬ್ರಿಟಿಷ್ ಪ್ರಯೋಗ ತೋರಿಸಿತು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ರೂಮು ಹಿಡಿದು ಉಳಿಯಬೇಕಾದ ಕುಟುಂಬಕ್ಕೆ ಇದು ಸಣ್ಣ ಸಮಾಧಾನವಲ್ಲ.

ಸ್ತನ ಉಳಿಸಿದ ಶಸ್ತ್ರಚಿಕಿತ್ಸೆಯ ನಂತರ ವಿಕಿರಣವು ಹತ್ತು ವರ್ಷಗಳಲ್ಲಿ ರೋಗ ಮರುಕಳಿಸುವುದನ್ನು ಶೇ. 35ರಿಂದ ಸುಮಾರು 19ಕ್ಕೆ ತಗ್ಗಿಸುತ್ತದೆ. ಹೃದಯದ ಹೆದರಿಕೆಯಿಂದ ಅದನ್ನು ತಪ್ಪಿಸಿಕೊಳ್ಳುವುದು ಲೆಕ್ಕಕ್ಕೆ ಕೂಡದು. ಚಿಕಿತ್ಸಾ ಯೋಜನೆಯ ಕಂಪ್ಯೂಟರು ಹೃದಯಕ್ಕೆ ತಾಗುವ ಸರಾಸರಿ ವಿಕಿರಣ ಪ್ರಮಾಣವನ್ನು ಲೆಕ್ಕ ಹಾಕಬಲ್ಲದು. ಅದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆದುಕೊಟ್ಟರೆ, ಹದಿನೈದು ವರ್ಷಗಳ ನಂತರ ಎದೆನೋವೆಂದು ಊರಿನ ವೈದ್ಯರ ಬಳಿಗೆ ಹೋದಾಗ ಅವರಿಗೂ ಅದು ಬೇಕಾಗುತ್ತದೆ.